ಬಾದಾಮಿಯಲ್ಲಿ ಮೂರು ರಾತ್ರಿ: ಚಾಲುಕ್ಯರ ಗುಡಿಗಳು, ರೊಟ್ಟಿ ಊಟ ಮತ್ತು ವಸತಿಯ ಯೋಜನೆ

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸುವ ರೂಢಿ ನಮ್ಮ ಭಾಗದಲ್ಲಿ ಬೇರುಬಿಟ್ಟಿದೆ. ಹುಬ್ಬಳ್ಳಿಯಿಂದಲೋ ವಿಜಯಪುರದಿಂದಲೋ ನಸುಕಿನಲ್ಲಿ ಹೊರಟು, ಬಾದಾಮಿಯಲ್ಲಿ ಒಂದು ತಾಸು, ಪಟ್ಟದಕಲ್ಲಿನಲ್ಲಿ ಒಂದು ತಾಸು, ಐಹೊಳೆಯಲ್ಲಿ ಅರ್ಧ ತಾಸು ಕಳೆದು, ರಾತ್ರಿ ಮನೆ ಸೇರುವವರಿಗೆ ಫೋಟೋಗಳು ಉಳಿಯುತ್ತವೆಯೇ ಹೊರತು ಗುಡಿಗಳು ನೆನಪಿನಲ್ಲಿ ಉಳಿಯುವುದಿಲ್ಲ. ಈ ಪ್ರವಾಸಕ್ಕೆ ಬಾದಾಮಿಯಲ್ಲಿ ಒಂದೇ ಕಡೆ ಕೋಣೆ ಹಿಡಿದು ಮೂರು ರಾತ್ರಿ ತಂಗಬೇಕು, ಪ್ರತಿಯೊಂದು ಗುಡಿಗೂ ಅದಕ್ಕೆ ಒಪ್ಪುವ ಹೊತ್ತನ್ನು ಕೊಡಬೇಕು ಮತ್ತು ಮಧ್ಯಾಹ್ನದ ಊಟ ಎಲ್ಲಿ ಎಂಬುದನ್ನು ಮನೆ ಬಿಡುವ ಮೊದಲೇ ನಿಶ್ಚಯಿಸಿಕೊಂಡಿರಬೇಕು. ಇಷ್ಟು ಸರಿಹೋದರೆ ಉಳಿದ ಲೆಕ್ಕವೆಲ್ಲ ತಾನಾಗಿ ಕೂಡಿಬರುತ್ತದೆ. ಹಂಪಿಯನ್ನೂ ಇದರಲ್ಲೇ ಸೇರಿಸಬೇಕೆನ್ನುವ ಆಸೆಯನ್ನು ಬಿಡುವುದು ಒಳ್ಳೆಯದು; ಅದಕ್ಕೆ ಪ್ರತ್ಯೇಕ ಪ್ರವಾಸವೇ ಬೇಕು.

ಮೊದಲು ಕಾಲದ ವಿಚಾರ. ಅಕ್ಟೋಬರದಿಂದ ಫೆಬ್ರುವರಿಯವರೆಗಿನ ತಿಂಗಳುಗಳು ಹಿತವಾಗಿರುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಕೆಂಪು ಮರಳುಗಲ್ಲು ಹಗಲೆಲ್ಲ ಬಿಸಿಲು ಕುಡಿದು ಸಂಜೆಯಾದರೂ ಕಾವು ಬಿಡುವುದಿಲ್ಲ; ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಆಗ ಕರೆತರಬಾರದು. ಪುಷ್ಯಮಾಸದ ಬನದ ಹುಣ್ಣಿಮೆಗೆ ಬನಶಂಕರಿ ದೇವಿಯ ರಥೋತ್ಸವ ನಡೆಯುತ್ತದೆ ಮತ್ತು ಜಾತ್ರೆ ಅಲ್ಲಿಂದ ವಾರಗಟ್ಟಲೆ ಮುಂದುವರಿಯುತ್ತದೆ. ನಾಟಕ ಕಂಪನಿಗಳು, ಬಳೆ ಅಂಗಡಿಗಳು, ಮಿಠಾಯಿ ಸಾಲುಗಳನ್ನು ನೋಡುವ ಇಚ್ಛೆಯುಳ್ಳವರು ಆ ದಿನಗಳನ್ನೇ ಆರಿಸಿಕೊಳ್ಳಬಹುದು. ಆದರೆ ಕೋಣೆಯನ್ನು ತಿಂಗಳ ಮೊದಲೇ ಕಾಯ್ದಿರಿಸಬೇಕು. ಗುಡಿಗಳನ್ನು ನಿಧಾನವಾಗಿ ನೋಡಬೇಕೆನ್ನುವವರು ಜಾತ್ರೆಯ ಮೊದಲೇ ಬಂದು ಹೋಗುವುದು ಲೇಸು. ಬಾದಾಮಿ ಮತ್ತು ಐಹೊಳೆಯ ಪುರಾತತ್ವ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ ಇರುವುದರಿಂದ, ಈ ಎರಡು ಊರುಗಳ ದಿನ ಶುಕ್ರವಾರಕ್ಕೆ ಬೀಳದಂತೆ ನೋಡಿಕೊಳ್ಳಬೇಕು.

ಬೆಂಗಳೂರು, ಹುಬ್ಬಳ್ಳಿ, ಗದಗ ಅಥವಾ ವಿಜಯಪುರದ ಕಡೆಯಿಂದ ಬರುವವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಅನುಕೂಲ. ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿರುವುದರಿಂದ ಅಲ್ಲಿಂದ ಆಟೋ ಇಲ್ಲವೇ ಟಂಟಂ ಹಿಡಿಯಬೇಕಾಗುತ್ತದೆ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವವರು ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮಾರ್ಗವಾಗಿಯೂ ಬೆಳಗಾವಿಯವರು ಯರಗಟ್ಟಿ, ರಾಮದುರ್ಗದ ಮೇಲೆಯೂ ಬರಬಹುದು. ಬಾದಾಮಿಯಿಂದ ಬನಶಂಕರಿಗೆ ಸುಮಾರು 5, ಪಟ್ಟದಕಲ್ಲಿಗೆ ಸುಮಾರು 22, ಐಹೊಳೆಗೆ ಸುಮಾರು 35 ಕಿಲೋಮೀಟರ್. ಪಟ್ಟದಕಲ್ಲಿನವರೆಗೆ ಸಾರಿಗೆ ಸಂಸ್ಥೆಯ ಬಸ್ಸನ್ನು ನೆಚ್ಚಬಹುದು. ಐಹೊಳೆಗೆ ಬಸ್ಸುಗಳು ಕಡಿಮೆ. ಆದ್ದರಿಂದ ಮೊದಲ ದಿನ ಆಟೋ ಮತ್ತು ಉಳಿದ ಎರಡು ದಿನ ಬಾಡಿಗೆ ಕಾರು ಎಂಬ ಏರ್ಪಾಡು ನಾಲ್ಕು ಜನರ ಕುಟುಂಬಕ್ಕೆ ಹೊರೆಯಾಗುವುದಿಲ್ಲ. ಬಸ್ಸಿನಲ್ಲೇ ತಿರುಗುವ ಕರ್ನಾಟಕದ ಹೆಣ್ಣುಮಕ್ಕಳು ಶಕ್ತಿ ಯೋಜನೆಯ ಉಚಿತ ಪ್ರಯಾಣಕ್ಕಾಗಿ ಗುರುತಿನ ಚೀಟಿಯನ್ನು ಕೈಚೀಲದಲ್ಲಿಯೇ ಇಟ್ಟುಕೊಂಡಿರಬೇಕು.

ವಸತಿಗೆ ಬಾದಾಮಿಯೇ ತಕ್ಕ ಸ್ಥಳ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಚಾಲುಕ್ಯ ಹೋಟೆಲು ರಾಮದುರ್ಗ ರಸ್ತೆಯಲ್ಲಿದೆ. ಬಸ್ ನಿಲ್ದಾಣದ ಆಸುಪಾಸಿನಲ್ಲಿ ಕಡಿಮೆ ಬಾಡಿಗೆಯ ಲಾಡ್ಜುಗಳಿವೆ. ಇನ್ನೂ ಹೆಚ್ಚು ಸೌಕರ್ಯ ಬಯಸುವವರಿಗೆ ಅಂಥ ಹೋಟೆಲುಗಳೂ ಇವೆ. ಕಾರಿಲ್ಲದವರಿಗೆ ಬಸ್ ನಿಲ್ದಾಣದ ಬಳಿಯ ಲಾಡ್ಜೇ ಒಳ್ಳೆಯದು, ಏಕೆಂದರೆ ಬೆಟ್ಟದ ಬಂಡೆಯಲ್ಲಿ ಕೊರೆದ ಗುಹಾಲಯಗಳಾದ ಮೇಣಬಸದಿಗಳೂ ಅಗಸ್ತ್ಯತೀರ್ಥವೆಂಬ ಕೆರೆಯೂ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರವಿವೆ. ಕೋಣೆ ಹಿಡಿಯುವ ಮೊದಲು ಬಿಸಿನೀರು ಯಾವ ಹೊತ್ತಿಗೆ ಬರುತ್ತದೆ, ಕರೆಂಟು ಹೋದರೆ ಫ್ಯಾನು ತಿರುಗುತ್ತದೆಯೇ, ಕಿಟಕಿಗೆ ಜಾಳಿಗೆ ಇದೆಯೇ ಎಂಬ ಮೂರನ್ನೂ ಕೇಳಬೇಕು. ಮೂರನೆಯದನ್ನು ಹಗುರವಾಗಿ ಕಾಣಬಾರದು: ಬಾದಾಮಿಯ ಮಂಗಗಳು ತೆರೆದ ಕಿಟಕಿಯನ್ನು ಕಂಡರೆ ಬಿಡುವುದಿಲ್ಲ. ಬೆಳಿಗ್ಗೆ ಬೇಗನೆ ಹೊರಡುವ ದಿನ ಬಾಗಿಲು ತೆರೆಯುವವರು ಯಾರು ಎಂಬುದನ್ನು ಹಿಂದಿನ ರಾತ್ರಿಯೇ ವಿಚಾರಿಸಿಟ್ಟುಕೊಳ್ಳಬೇಕು.

ಹಿಂದಿನ ಸಂಜೆಯೇ ಬಾದಾಮಿ ಸೇರಿ, ಮೊದಲ ದಿನದ ಬೆಳಗನ್ನು ಮೇಣಬಸದಿಗಳಿಗೆ ಮೀಸಲಿಡಬೇಕು. ತಿಂಡಿ ಮುಗಿಸಿ, ತಿನ್ನುವ ಪದಾರ್ಥವೇನನ್ನೂ ಕೈಯಲ್ಲಿ ಹಿಡಿಯದೆ ಮೆಟ್ಟಿಲು ಹತ್ತಬೇಕು. ಮೊದಲನೆಯ ಗುಹೆಯ ಬಲಬದಿಯ ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜನಿದ್ದಾನೆ. ಎಡಗೈಗಳನ್ನೂ ಬಲಗೈಗಳನ್ನೂ ಜೋಡಿಜೋಡಿಯಾಗಿ ಒಂದೊಂದನ್ನೇ ಗುರುತಿಸುತ್ತ ನಿಂತರೆ ಒಂದೇ ಮೂರ್ತಿಯಲ್ಲಿ ಕುಣಿತದ ಹಲವು ಭಂಗಿಗಳು ಹೇಗೆ ಅಡಗಿವೆ ಎಂಬುದು ತಿಳಿಯುತ್ತದೆ. ಮೂರನೆಯ ಗುಹೆ ಎಲ್ಲಕ್ಕಿಂತ ದೊಡ್ಡದು, ಅಲ್ಲಿ ಸಮಯವನ್ನು ಧಾರಾಳವಾಗಿ ಕೊಡಬೇಕು. ಚಾಲುಕ್ಯ ಅರಸುಮನೆತನದ ಮಂಗಳೇಶನು ಅದನ್ನು ಮಾಡಿಸಿದನೆಂಬುದಕ್ಕೆ ಕ್ರಿ.ಶ. 578ರ ಶಾಸನ ಅಲ್ಲಿಯೇ ಇದೆ. ಹಾವಿನ ಸುರುಳಿಯ ಮೇಲೆ ಕುಳಿತ ವಿಷ್ಣುವನ್ನು ನೋಡಿದ ಮೇಲೆ ತಲೆಯೆತ್ತಿ ಕಂಬಗಳ ಮೇಲ್ತುದಿಯ ದಂಪತಿ ಶಿಲ್ಪಗಳನ್ನು ನೋಡಬೇಕು: ಮರದ ನೆರಳಿನಲ್ಲಿ ಒಬ್ಬರಿಗೊಬ್ಬರು ಆತುಕೊಂಡು ನಿಂತ ಆ ಜೋಡಿಗಳ ಕೇಶಾಲಂಕಾರ, ಒಡವೆ, ಉಡುಗೆಗಳು ಒಂದೊಂದರಲ್ಲಿ ಒಂದೊಂದು ಬಗೆಯಾಗಿವೆ. ನಾಲ್ಕನೆಯದು ಜೈನರ ಗುಹೆ. ಕೆರೆಯ ಪೂರ್ತಿ ನೋಟ ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಇಳಿದು ಬಂದವರು ಮಧ್ಯಾಹ್ನದ ಊಟಕ್ಕೆ ನೇರವಾಗಿ ಬನಶಂಕರಿಗೆ ಹೋಗಬೇಕು. ಈ ಪ್ರವಾಸದಲ್ಲಿ ಊಟದ ವಿಷಯಕ್ಕೆ ಬಂದಾಗ ನಾನು ಒತ್ತಿ ಹೇಳುವ ಮಾತು ಇದೊಂದೇ. ದೇವಿಯ ದರ್ಶನ ಮುಗಿಸಿ ಹೊರಬರುವಷ್ಟರಲ್ಲಿ, ಹತ್ತಿರದ ಹಳ್ಳಿಗಳಿಂದ ಬುಟ್ಟಿ ಹೊತ್ತು ಬಂದ ತಾಯಂದಿರು ಗುಡಿಯ ಎದುರಿನ ನೆರಳಿನಲ್ಲಿ ಕುಳಿತು "ಬರ್ರಿ ಅಣ್ಣಾರ, ರೊಟ್ಟಿ ಊಟ ಮಾಡ್ರಿ" ಎಂದು ಕರೆಯುತ್ತಿರುತ್ತಾರೆ. ಬಿಳಿ ಬಟ್ಟೆ ಸರಿಸಿದರೆ ಒಂದರ ಮೇಲೊಂದು ಪೇರಿಸಿದ ಜೋಳದ ರೊಟ್ಟಿ ಕಾಣುತ್ತದೆ. ಖಟಕ ರೊಟ್ಟಿ ಬೇಕೇ, ಮೆತ್ತಗಿನದು ಬೇಕೇ ಎಂದು ಕೇಳಿ ಕೊಡುತ್ತಾರೆ. ಅದರ ಮೇಲೆ ಎಣ್ಣೆಗಾಯಿ, ಝುಣಕ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ ಬೀಳುತ್ತವೆ, ಬದಿಗೆ ಹಸಿ ಉಳ್ಳಾಗಡ್ಡಿ, ಕೊನೆಗೆ ಗಟ್ಟಿ ಮೊಸರು. ಕೆಂಪು ಖಾರವನ್ನು ಮೊಸರಿನೊಡನೆ ಕಲಸಿಕೊಂಡೇ ತಿನ್ನಬೇಕು. ರೂಢಿಯಿಲ್ಲದವರು ಒಣ ರೊಟ್ಟಿಗೆ ಅದನ್ನು ಹಚ್ಚಿಕೊಂಡರೆ ಊಟದ ರುಚಿಯೇ ಕೆಡುತ್ತದೆ. ಮನೆಯಲ್ಲಿ ನಸುಕಿನಲ್ಲೆದ್ದು ಬಡಿದ ರೊಟ್ಟಿಗೆ ಇಲ್ಲಿ ಚೌಕಾಸಿ ಮಾಡುವುದು ಸಲ್ಲದು. ಊಟಕ್ಕೆ ಎಷ್ಟು ಎಂಬುದನ್ನು ಕುಳಿತುಕೊಳ್ಳುವ ಮೊದಲು ಕೇಳಿ, ಹಣವನ್ನು ಚಿಲ್ಲರೆಯಾಗಿಯೇ ಕೊಡಬೇಕು. ಮಧ್ಯಾಹ್ನ ಎರಡು ದಾಟಿದರೆ ಬುಟ್ಟಿ ಬರಿದಾಗುವ ಸಂಭವವಿರುವುದರಿಂದ ಒಂದು ಗಂಟೆಯೊಳಗೆ ತಲುಪುವುದು ಕ್ಷೇಮ.

ಬಿಸಿಲಿಳಿಯುವ ತನಕ ಕೋಣೆಯಲ್ಲಿ ವಿಶ್ರಾಂತಿ ಪಡೆದು, ಆಮೇಲೆ ಅಗಸ್ತ್ಯತೀರ್ಥದ ಉತ್ತರ ದಂಡೆಯ ವಸ್ತುಸಂಗ್ರಹಾಲಯವನ್ನು ನೋಡಿ, ಕೆರೆಯ ಅಂಚಿನಲ್ಲಿ ನಡೆಯುತ್ತ ಭೂತನಾಥ ಗುಡಿಗೆ ಹೋಗಬೇಕು. ಗುಡಿ ಪಶ್ಚಿಮಕ್ಕೆ ಮುಖ ಮಾಡಿ ನೀರಿನ ಅಂಚಿಗೇ ಕಟ್ಟಿದ್ದರಿಂದ ಇಳಿಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಬೆಳಿಗ್ಗೆ ಬಂದವರಿಗೆ ಆ ಬಣ್ಣ ಸಿಗುವುದಿಲ್ಲ. ಕನ್ನಡ ಓದುವವರು ಅದೇ ಬದಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನು ವಿಚಾರಿಸಿಕೊಂಡು ಹೋಗಿ ನೋಡಲೇಬೇಕು. ತ್ರಿಪದಿ ಛಂದಸ್ಸಿನ ಅತಿ ಹಳೆಯ ಉದಾಹರಣೆ ದೊರೆತಿರುವುದು ಅಲ್ಲಿ. ಅದನ್ನು ಹುಡುಕಿಕೊಂಡು ಹೋಗುವವರು ಎಷ್ಟು ಕಡಿಮೆ ಎಂಬುದು ನನಗೆ ಯಾವಾಗಲೂ ನೋವಿನ ಸಂಗತಿ.

ಎರಡನೆಯ ದಿನ ಪಟ್ಟದಕಲ್ಲಿಗೆ ಬೆಳಿಗ್ಗೆಯೇ ತಲುಪಬೇಕು. ಇಲ್ಲಿನ ಗುಡಿಗಳು ಪೂರ್ವಾಭಿಮುಖವಾಗಿದ್ದು, ವಿರೂಪಾಕ್ಷ ಗುಡಿಯ ಮೂಡಣ ಬಾಗಿಲು ಮಲಪ್ರಭೆಯ ಕಡೆಗೆ ತೆರೆದುಕೊಳ್ಳುತ್ತದೆ. ಬೆಳಗಿನ ಬಿಸಿಲು ಜಾಲಂದ್ರಗಳಿಂದ ಒಳಗೆ ಇಳಿಯುವಾಗ ಕಂಬಗಳ ಮೇಲಿನ ಕಥೆಗಳು ತಿಳಿಯಾಗಿ ಕಾಣುತ್ತವೆ: ಸೀತಾಪಹರಣ, ರಾವಣನನ್ನು ಅಡ್ಡಗಟ್ಟಿದ ಜಟಾಯು, ಶರಶಯ್ಯೆಯ ಮೇಲಿನ ಭೀಷ್ಮ. ಎರಡನೆಯ ವಿಕ್ರಮಾದಿತ್ಯನು ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಈ ಗುಡಿಯನ್ನು ಕಟ್ಟಿಸಿದಳು. ಗೆದ್ದ ರಾಜನು ಕಂಚಿಯ ಕೈಲಾಸನಾಥ ಗುಡಿಯನ್ನು ಸೂರೆ ಮಾಡದೆ ಅದರ ಸಂಪತ್ತನ್ನು ದೇವರಿಗೇ ಬಿಟ್ಟುಬಂದನೆಂದು ಆ ಗುಡಿಯಲ್ಲಿರುವ ಕನ್ನಡ ಶಾಸನ ಹೇಳುತ್ತದೆ. ಪಟ್ಟದಕಲ್ಲಿನ ಗುಡಿಯನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರು ಮೂಡಣ ದ್ವಾರದ ಶಾಸನದಲ್ಲಿದೆ. ಶಿಲ್ಪಿಯ ಹೆಸರು ಇಷ್ಟು ಗೌರವದಿಂದ ಕೆತ್ತಿಸಲ್ಪಟ್ಟದ್ದು ಅಪರೂಪ. ಪಕ್ಕದ ಮಲ್ಲಿಕಾರ್ಜುನ ಗುಡಿ ಲೋಕಮಹಾದೇವಿಯ ಸವತಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು. 1987ರಲ್ಲಿ ಈ ಸಮೂಹ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗಳಗನಾಥ, ಕಾಶಿವಿಶ್ವನಾಥ ಗುಡಿಗಳ ಬಾಗಿದ ಶಿಖರವನ್ನೂ ವಿರೂಪಾಕ್ಷದ ಮೆಟ್ಟಿಲುಮೆಟ್ಟಿಲಾದ ವಿಮಾನವನ್ನೂ ಒಂದೇ ಅಂಗಳದಲ್ಲಿ ನಿಂತು ಹೋಲಿಸಿ ನೋಡಿದರೆ ನಾಗರ, ದ್ರಾವಿಡ ಎಂಬ ಶೈಲಿಭೇದ ಯಾರ ವಿವರಣೆಯೂ ಇಲ್ಲದೆ ಮಕ್ಕಳಿಗೂ ಅರ್ಥವಾಗುತ್ತದೆ. ಗೈಡ್ ಬೇಕೆನಿಸಿದರೆ ಇಲ್ಲಿಯೇ ಮಾಡಿಕೊಳ್ಳಬೇಕು. ಗುರುತಿನ ಪತ್ರ ನೋಡಿ, ಎಷ್ಟು ಹೊತ್ತಿಗೆ ಎಷ್ಟು ಹಣ ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುವುದರಿಂದ ಚಪ್ಪಲಿಯನ್ನು ಹೊರಗೆ ಬಿಡಬೇಕಾಗುತ್ತದೆ. ಹತ್ತು ಗಂಟೆಯ ಮೇಲೆ ಕಲ್ಲುಹಾಸು ಕಾಯುವುದರಿಂದ ದಪ್ಪ ಕಾಲುಚೀಲ ಜೊತೆಗಿದ್ದರೆ ಒಳಿತು.

ಪಟ್ಟದಕಲ್ಲಿನ ಹೊರಗೆ ಸಣ್ಣ ಅಂಗಡಿಗಳಿವೆ, ಆದರೆ ಹೊಟ್ಟೆತುಂಬ ಊಟಕ್ಕೆ ಅವನ್ನು ನೆಚ್ಚಬಾರದು. ಬಾದಾಮಿಯಿಂದಲೇ ರೊಟ್ಟಿ, ಹಿಂಡಿ, ಮೊಸರು ಕಟ್ಟಿಸಿಕೊಂಡು ಬಂದು, ಮರಳುವ ದಾರಿಯಲ್ಲಿ ಮಹಾಕೂಟಕ್ಕೆ ತಿರುಗಿ ಅಲ್ಲಿನ ಮರಗಳ ನೆರಳಿನಲ್ಲಿ ಬುತ್ತಿ ಬಿಚ್ಚುವುದು ಸುಖ. ಬೆಟ್ಟದ ಸೆಲೆಯ ನೀರು ಸದಾ ತುಂಬಿರುವ ವಿಷ್ಣುಪುಷ್ಕರಿಣಿಯಲ್ಲಿ ಸ್ನಾನ ಮಾಡಬಹುದು, ಆದ್ದರಿಂದ ಬದಲಿ ಬಟ್ಟೆ, ಟವೆಲು ಇರಲಿ, ಸಾಬೂನು ಬೇಡ. ಮಂಗಳೇಶನ ಕಾಲದ ಪ್ರಸಿದ್ಧ ಸ್ತಂಭಶಾಸನವನ್ನು ಅಲ್ಲಿ ಹುಡುಕಬಾರದು, ಅದು ವಿಜಯಪುರದ ಗೋಲಗುಂಬಜ್ ಆವರಣದ ವಸ್ತುಸಂಗ್ರಹಾಲಯದಲ್ಲಿದೆ. ರಾತ್ರಿಯ ಊಟಕ್ಕೆ ಬಾದಾಮಿಯ ಖಾನಾವಳಿಗಳು ಸಾಕು. ಸಂಜೆ ಮಿರ್ಚಿ ಭಜಿ, ಗಿರಮಿಟ್ಟು ಸವಿಯುವವರು ಎಣ್ಣೆ ಕಾದು ಬಿಸಿಯಾಗಿ ಇಳಿಯುತ್ತಿರುವ ಗಾಡಿಯನ್ನೇ ಆರಿಸಿಕೊಳ್ಳಬೇಕು.

ಮೂರನೆಯ ದಿನ ಕೋಣೆ ಖಾಲಿ ಮಾಡಿ ಸಾಮಾನಿನೊಡನೆ ಐಹೊಳೆಗೆ ಹೊರಡಬೇಕು, ಏಕೆಂದರೆ ಊರಿಗೆ ಮರಳುವ ದಾರಿ ಅಲ್ಲಿಂದಲೇ ಮುಂದುವರಿಯುತ್ತದೆ. ದುರ್ಗ ಗುಡಿಯ ಗಜಪೃಷ್ಠಾಕಾರವನ್ನೂ ಲಾಡ್‌ಖಾನ್ ಗುಡಿಯನ್ನೂ ಎಲ್ಲರೂ ನೋಡುತ್ತಾರೆ. ಬೇಲಿಯೊಳಗಿನ ಆ ಗುಡಿಗಳನ್ನು ನೋಡಿ ವಾಹನ ಹತ್ತುವವರೇ ಬಹಳ. ಅದರಾಚೆಗೆ ರಾವಣಫಡಿಯ ಗುಹೆಯಲ್ಲಿ ಸಪ್ತಮಾತೃಕೆಯರ ನಡುವೆ ಕುಣಿಯುವ ಶಿವನಿದ್ದಾನೆ. ಬೆಟ್ಟದ ಮೇಲಿನ ಮೇಗುಟಿ ಜಿನಾಲಯದ ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದ ಸಂಗತಿಯನ್ನು ಹೇಳುವುದೂ ಕಾಳಿದಾಸ, ಭಾರವಿಯರ ಹೆಸರೆತ್ತುವುದೂ ಇದೇ ಶಾಸನ. ಮಂಡಿನೋವಿನವರು ಕೆಳಗೇ ಇರಲಿ, ಉಳಿದವರು ಬಿಸಿಲೇರುವ ಮೊದಲು ಇದನ್ನು ಹತ್ತಿಳಿದು ಆಮೇಲೆ ದುರ್ಗ ಗುಡಿಗೆ ಬರುವುದು ಸರಿಯಾದ ಕ್ರಮ.

ಐಹೊಳೆಯಿಂದ ಹೊರಟವರಿಗೆ ಅಮೀನಗಡ ಹತ್ತಿರದಲ್ಲೇ ಸಿಗುತ್ತದೆ. ಬೆಲ್ಲ, ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಹಾಕಿ ಮಾಡುವ ಅಲ್ಲಿನ ಕರದಂಟನ್ನು ತೂಕಕ್ಕೆ ಕಟ್ಟಿಸುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಬೇಕು. ಅಂಟು ಹದವಾಗಿ ಅರಳಿದ್ದರೆ ಹಲ್ಲಿಗೆ ಮೆತ್ತಿಕೊಳ್ಳುವುದಿಲ್ಲ. ಸೀರೆ ಕೊಳ್ಳುವವರು ಇಳಕಲ್ಲಿಗೂ ಖಣ ಕೊಳ್ಳುವವರು ಗುಳೇದಗುಡ್ಡಕ್ಕೂ ಅರ್ಧ ದಿನವನ್ನು ಬೇರೆಯಾಗಿ ಎತ್ತಿಡಬೇಕಾಗುತ್ತದೆ. ವಿಜಯಪುರದ ಕಡೆ ಹೋಗುವವರು ಕೃಷ್ಣೆ, ಮಲಪ್ರಭೆ ಸೇರುವ ಕೂಡಲಸಂಗಮದಲ್ಲಿ ಇಳಿದು, ಸಂಗಮನಾಥನ ಗುಡಿಯನ್ನೂ ಬಸವಣ್ಣನವರ ಐಕ್ಯಮಂಟಪವನ್ನೂ ನೋಡಿ, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ ಮುಂದೆ ಸಾಗಬಹುದು. ಹೊತ್ತು ಮೀರಿದರೆ ಯಾತ್ರಿಕರ ವಸತಿಗೃಹಗಳು ಅಲ್ಲಿಯೂ ಇವೆ.