ಪದವಿ ಮುಗಿಸಿದವರ ದಾರಿಗಳನ್ನು ಕಾಲೇಜು ದಾಖಲಿಸಿಕೊಳ್ಳುವ ಬಗೆ

ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ರಾಷ್ಟ್ರೀಯ ಸಂಸ್ಥೆ ನ್ಯಾಕ್‌ನ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೂ ಸ್ಥಾನವಿರುವುದರಿಂದ ಕಲಬುರಗಿ, ಬೀದರ್, ಯಾದಗಿರಿ ಭಾಗದ ಅನೇಕ ಪದವಿ ಕಾಲೇಜುಗಳು ಸಂಘ ಕಟ್ಟಿಕೊಂಡಿವೆ. ಆದರೆ ಅವುಗಳ ಪಟ್ಟಿಯಲ್ಲಿ ಹೆಚ್ಚಾಗಿ ಕಾಣುವವರು ಅಧಿಕಾರಿಗಳು, ವೈದ್ಯರು ಮತ್ತು ಬೆಂಗಳೂರು, ಹೈದರಾಬಾದ್, ಪುಣೆಗಳಲ್ಲಿ ನೆಲೆಸಿದವರು. ಊರಿನಲ್ಲೇ ಉಳಿದು ದುಡಿಯುತ್ತಿರುವ ಪದವೀಧರರೂ ಅದರಲ್ಲಿ ಸೇರಿದಾಗಲೇ ಅಂತಿಮ ವರ್ಷದ ಮಕ್ಕಳಿಗೆ ಆ ದಾಖಲೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲಸವನ್ನು ವಾಟ್ಸ್ಆ್ಯಪ್ ಗುಂಪಿನಿಂದಲ್ಲ, ಕಾಲೇಜಿನ ಪ್ರವೇಶ ರಿಜಿಸ್ಟರಿನಿಂದ ಆರಂಭಿಸಿರಿ. ಗುಂಪಿನಲ್ಲಿ ಮಾತನಾಡುವವರು ಕೆಲವರೇ ಆಗಿರುತ್ತಾರೆ, ರಿಜಿಸ್ಟರಿನಲ್ಲಿ ಎಲ್ಲರ ಹೆಸರು, ಊರು, ತಂದೆಯ ಹೆಸರು ಇರುತ್ತದೆ. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಮೊದಲು ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು, ಈಗ ಬೀದರಿಗೆ ಪ್ರತ್ಯೇಕ ವಿಶ್ವವಿದ್ಯಾಲಯವಾಗಿದೆ. ಹೀಗೆ ವಿಶ್ವವಿದ್ಯಾಲಯ ಬದಲಾಗುತ್ತ ಬಂದಿರುವುದರಿಂದ ಎಲ್ಲ ತಲೆಮಾರುಗಳೂ ಒಂದೇ ಕಡೆ ಸಿಗುವುದು ಕಾಲೇಜಿನ ಕಪಾಟಿನಲ್ಲಿ ಮಾತ್ರ. ಮೊದಲಿಗೆ ಸುಮಾರು ಹತ್ತು ವರ್ಷಗಳ ಹಿಂದಿನ ಒಂದೇ ತಂಡವನ್ನು ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅವರ ಬದುಕು ಒಂದು ನೆಲೆಗೆ ಬಂದಿರುತ್ತದೆ ಮತ್ತು ಪಟ್ಟ ಪಾಡು ಇನ್ನೂ ನೆನಪಿನಲ್ಲಿರುತ್ತದೆ. ಹೆಣ್ಣುಮಕ್ಕಳನ್ನು ತವರಿನ ಮೂಲಕವೇ ಹುಡುಕಬೇಕು. ಮದುವೆಯ ನಂತರ ಊರೂ ಫೋನ್ ಸಂಖ್ಯೆಯೂ ಬದಲಾಗುವುದರಿಂದ ಪಟ್ಟಿಯಿಂದ ಮೊದಲು ಬಿಟ್ಟುಹೋಗುವವರು ಅವರೇ.

‘ಈಗ ಏನು ಮಾಡುತ್ತಿದ್ದೀರಿ?’ ಎಂಬ ಒಂದೇ ಪ್ರಶ್ನೆ ಸಾಲದು. ಪದವಿಯ ನಂತರದ ಮೊದಲ ಎರಡು ವರ್ಷ ಹೇಗೆ ಕಳೆದವು, ಖರ್ಚನ್ನು ಯಾರು ನೋಡಿಕೊಂಡರು, ಯಾವ ಪರೀಕ್ಷೆಯನ್ನು ಎಷ್ಟು ಸಲ ಬರೆದರು, ದಾರಿ ಬದಲಿಸಿದ್ದು ಯಾವಾಗ ಎಂಬುದನ್ನೂ ಕೇಳಿರಿ. ಸರ್ಕಾರಿ ನೌಕರಿ ಪಡೆದವರಿಂದ ಸಂವಿಧಾನದ 371(ಜೆ) ವಿಧಿಯಡಿ ಈ ಭಾಗದ ಸ್ಥಳೀಯರೆಂದು ತೋರಿಸುವ ಪ್ರಮಾಣಪತ್ರವನ್ನು ಯಾವ ಹಂತದಲ್ಲಿ, ಯಾವ ದಾಖಲೆಗಳನ್ನು ಕೊಟ್ಟು ಮಾಡಿಸಿಕೊಂಡರು ಎಂಬುದನ್ನು ತಪ್ಪದೆ ಬರೆದುಕೊಳ್ಳಿರಿ. ಈ ಭಾಗದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ. 80ರಷ್ಟು ಸ್ಥಳೀಯರಿಗೆ ಮೀಸಲಿದ್ದರೂ ಪ್ರಮಾಣಪತ್ರ ಕೈಯಲ್ಲಿಲ್ಲದಿದ್ದರೆ ಆ ಮೀಸಲಾತಿಯ ಲಾಭ ದೊರೆಯುವುದಿಲ್ಲ.

ಊರಿಗೆ ಆಗುತ್ತಿರುವ ಉಪಕಾರವನ್ನು ‘ಸಮಾಜಸೇವೆ’ ಎಂಬ ಒಂದು ಪದದಲ್ಲಿ ಮುಗಿಸದೆ, ನಡೆಯುವಂತೆಯೇ ವಿವರಿಸಬೇಕು. ಕೃಷಿ ಪದವಿ ಪಡೆದು ಗೊಬ್ಬರದ ಅಂಗಡಿ ಇಟ್ಟುಕೊಂಡವರನ್ನೇ ನೋಡಿರಿ. ಬಾಡಿದ ತೊಗರಿ ಗಿಡವನ್ನು ರೈತ ತಂದಾಗ, ವಿಷಯ ಬಲ್ಲ ಪದವೀಧರ ಕಾಂಡವನ್ನು ಉದ್ದಕ್ಕೆ ಸೀಳಿ, ಒಳಗಿನ ಕಂದು-ಕಪ್ಪು ಗೆರೆಯನ್ನು ತೋರಿಸಿ, ಇದು ಮಣ್ಣಿನಿಂದ ಬರುವ ನೆಟೆ ರೋಗ, ಈಗ ಮೇಲೆ ಔಷಧಿ ಸಿಂಪಡಿಸಿ ಹಣ ಕಳೆದುಕೊಳ್ಳಬೇಡಿ, ಮುಂದಿನ ಸಲ ಆ ಹೊಲಕ್ಕೆ ಜೋಳ ಬಿತ್ತಿರಿ, ತೊಗರಿಯೇ ಬೇಕಾದರೆ ಟಿಎಸ್-3ಆರ್‌ನಂಥ ರೋಗ ತಡೆಯುವ ತಳಿ ಆರಿಸಿಕೊಳ್ಳಿರಿ ಎಂದು ಹೇಳಬಲ್ಲ. ತನ್ನ ಅಂಗಡಿಯ ಮಾರಾಟವನ್ನು ಬಿಟ್ಟುಕೊಟ್ಟು ಹೇಳುವ ಈ ಮಾತು ಒಂದು ಕುಟುಂಬದ ಹಂಗಾಮಿನ ಖರ್ಚನ್ನು ಉಳಿಸುತ್ತದೆ, ಆದ್ದರಿಂದ ಇಂಥ ವಿವರ ದಾಖಲೆಯಲ್ಲಿ ಇರಲೇಬೇಕು. ಅತಿಥಿ ಉಪನ್ಯಾಸಕರು, ದಾಲ್‌ಮಿಲ್ ನಡೆಸುವವರು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ (ಗ್ರಂಥಾಲಯದ) ಮೇಲ್ವಿಚಾರಕರು, ಬೀದರಿನ ಬಿದ್ರಿ ಕೆಲಸದ ಮನೆತನದಿಂದ ಬಂದು ಓದಿದವರು, ಇವರ ವಿಷಯದಲ್ಲೂ ಇದೇ ಕ್ರಮ ಅನುಸರಿಸಿರಿ.

ಬರೆದದ್ದನ್ನು ಅವರಿಗೇ ಓದಿ ಹೇಳಿ, ಲಿಖಿತ ಒಪ್ಪಿಗೆ ಪಡೆಯಿರಿ. ಫೋನ್ ಸಂಖ್ಯೆಯನ್ನು ಪ್ರಕಟಿಸಬಾರದು, ಸಂಪರ್ಕ ಕಾಲೇಜಿನ ಮೂಲಕವೇ ನಡೆಯಲಿ.

ಸಿದ್ಧವಾದ ಪ್ರತಿಯನ್ನು ಗ್ರಂಥಾಲಯದಲ್ಲಿ ಮಕ್ಕಳ ಕೈಗೆ ಸಿಗುವಂತೆ ಇಡಿರಿ. ಪದವೀಧರರನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದಕ್ಕಿಂತ ಹತ್ತು ಹದಿನೈದು ವಿದ್ಯಾರ್ಥಿಗಳ ಜೊತೆ ಒಂದು ಮಧ್ಯಾಹ್ನ ಕೂರಿಸಿದರೆ ಹೆಚ್ಚು ಪ್ರಯೋಜನವಾಗುತ್ತದೆ. ಕೃಷಿಯಲ್ಲಿರುವವರನ್ನು ತೊಗರಿ ರಾಶಿ ಮುಗಿದ ಮೇಲೆ ಕರೆಯಿರಿ. ಮುಂದಿನ ತಂಡಗಳನ್ನು ಹುಡುಕುವ ಶ್ರಮ ತಪ್ಪಬೇಕಾದರೆ, ವರ್ಗಾವಣೆ ಪತ್ರ ಮತ್ತು ಅಂಕಪಟ್ಟಿ ಕೊಡುವ ದಿನವೇ ವಿದ್ಯಾರ್ಥಿಯ ಸಂಖ್ಯೆಯ ಜೊತೆಗೆ ಮನೆಯ ಹಿರಿಯರೊಬ್ಬರ ಸಂಖ್ಯೆಯನ್ನೂ ಬರೆಸಿಕೊಳ್ಳುವಂತೆ ಕಚೇರಿಯ ಸಿಬ್ಬಂದಿಗೆ ತಿಳಿಸಿರಿ.