ಬಿಳಿ ದೋಣಿಗೆ ಬಿಳಿ ಬಣ್ಣ ಬೇಡ

ನಾನು ಬರೆಯುವುದೆಲ್ಲ ಮರದ ಹಾಯಿದೋಣಿಗಳ ಚಿತ್ರ. ಸಿಯಾಟಲ್‌ಗೆ ಬಂದ ಮೇಲೆ ಅಂಟಿಕೊಂಡ ಹುಚ್ಚು. ಇಲ್ಲಿ ಲೇಕ್ ಯೂನಿಯನ್ ದಡದಲ್ಲಿ ‘ಸೆಂಟರ್ ಫಾರ್ ವುಡನ್ ಬೋಟ್ಸ್’ ಇದೆ. ಹಳೇ ದೋಣಿಗಳನ್ನು ನೀರಲ್ಲೇ ಕಟ್ಟಿರುತ್ತಾರೆ, ಹತ್ತಿರದಿಂದ ನೋಡಬಹುದು. ಸೆಪ್ಟೆಂಬರ್ ಬಂದರೆ ಇದೇ ರಾಜ್ಯದ ಪೋರ್ಟ್ ಟೌನ್ಸೆಂಡ್ ಎಂಬ ಊರಿನಲ್ಲಿ ಮರದ ದೋಣಿಗಳ ಹಬ್ಬ, 1977ರಲ್ಲಿ ಶುರುವಾದದ್ದು. ಫೈಬರ್ ದೋಣಿಯೂ ಚೆನ್ನಾಗಿರುತ್ತದಲ್ವಾ ಅಂತ ಕೇಳುವವರಿದ್ದಾರೆ. ಇರಬಹುದು. ಆದರೆ ಹಲಗೆ ಹಲಗೆಯೂ ಬಗ್ಗಿ ಕೂತದ್ದು ಮರದಲ್ಲಿ ಮಾತ್ರ ಕಾಣುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ‘ಅಡ್ವೆಂಚ್ರೆಸ್’ ಎಂಬ ಎರಡು ಕಂಬದ ಸ್ಕೂನರ್, ಅಂದರೆ ಒಂದು ಬಗೆಯ ಹಾಯಿಹಡಗು. 1913ರಲ್ಲಿ ಮೇನ್ ರಾಜ್ಯದಲ್ಲಿ ಕಟ್ಟಿದ್ದು, ಈಗ ಸಿಯಾಟಲ್ ಸುತ್ತಲಿನ ಕಡಲಲ್ಲೇ ಓಡಾಡುತ್ತದೆ.

ದೋಣಿ ಬರೆಯುವಾಗ ಮೊದಲು ಮೈಯ ಮೇಲಂಚಿನ ಗೆರೆ. ಮೂತಿಯಿಂದ ಹಿಂಬದಿಯವರೆಗೆ ಹರಿಯುವ ಆ ಬಾಗು ಸರಿಯಾಗದಿದ್ದರೆ ಮುಂದಿನದೆಲ್ಲ ದಂಡ. ಜಾಸ್ತಿ ಬಾಗಿಸಿದರೆ ಬಾಳೆಹಣ್ಣು ತೇಲಿದಂತೆ ಕಾಣುತ್ತದೆ. ನಾನು ನಿಂತುಕೊಂಡು, ಮಣಿಕಟ್ಟು ಆಡಿಸದೆ, ಭುಜದಿಂದ ಒಂದೇ ಸಲ ಎಳೆಯುತ್ತೇನೆ. ಆಮೇಲೆ ಹಾಳೆ ತಲೆಕೆಳಗು ಮಾಡಿ ನೋಡುತ್ತೇನೆ. ಸೊಟ್ಟ ಇದ್ದರೆ ತಕ್ಷಣ ಗೊತ್ತಾಗುತ್ತದೆ.

ಅಡ್ವೆಂಚ್ರೆಸ್‌ನ ಮೈ ಬಿಳಿ. ಜಲವರ್ಣದಲ್ಲಿ ಬಿಳಿ ಅಂದರೆ ಕಾಗದವೇ. ಹಾಗಾಗಿ ದೋಣಿಗಿಂತ ಮೊದಲು ಹಿಂದಿನ ಫರ್ ಮರಗಳ ದಡವನ್ನು ಕಡುಹಸಿರಾಗಿ ತುಂಬುತ್ತೇನೆ. ಬಿಳುಪು ತಾನಾಗಿ ಎದ್ದು ಬರುತ್ತದೆ. ನೆರಳಿನ ಬದಿಗೆ ತೆಳು ನೀಲಿ, ಅದು ಒಣಗುವ ಮೊದಲೇ ಕೆಳಗಡೆ ಒಂಚೂರು ಹಸಿರು. ನೀರಿನ ಬೆಳಕು ಮೈಮೇಲೆ ಬಿದ್ದಿರುತ್ತದಲ್ಲ, ಅದಕ್ಕೆ.

ಹಾಯಿಗೂ ಅಚ್ಚ ಬಿಳಿ ಬಿಡುವುದಿಲ್ಲ. ಸೂರ್ಯ ಹಿಂದಿದ್ದರೆ ಬಟ್ಟೆಯ ಮೂಲಕ ಬೆಳಕು ಸೋಸಿ ಬರುತ್ತದೆ. ಅಲ್ಲಿಗೆ ನೀರಾದ ರಾ ಸಿಯೆನಾ, ಅಂದರೆ ಮಣ್ಣಿನ ಹಳದಿ ಬಣ್ಣ, ಸಾಕು. ಈ ನಾಲ್ಕು ಮೂಲೆಯ ಹಾಯಿಗೆ ಮೇಲೂ ಒಂದು ಅಡ್ಡಮರ ಇರುತ್ತದೆ. ಗಾಳಿಗೆ ಅದು ಕೆಳಗಿನ ಮರಕ್ಕಿಂತ ಹೆಚ್ಚು ಹೊರಕ್ಕೆ ವಾಲುತ್ತದೆ. ಅಂದರೆ ಹಾಯಿ ತಿರುಚಿಕೊಂಡಿರುತ್ತದೆ, ಮೇಲಿನ ನೆರಳೇ ಬೇರೆ, ಕೆಳಗಿನ ನೆರಳೇ ಬೇರೆ. ಇದನ್ನು ಬಿಟ್ಟರೆ ಸುಮ್ನೆ ರಟ್ಟು ನಿಲ್ಲಿಸಿದಂತಿರುತ್ತದೆ.

ಹಗ್ಗ ಕೊನೆಗೆ, ಉದ್ದ ಕೂದಲಿನ ರಿಗ್ಗರ್ ಕುಂಚದಲ್ಲಿ. ಕಂಬ ಹಿಡಿದ ಹಗ್ಗ ಬಿಗಿ, ನೇರ. ಉಳಿದವು ಸ್ವಲ್ಪ ಜೋಲು. ಎಲ್ಲವನ್ನೂ ಬರೆಯಬೇಕಿಲ್ಲ. ಬರೆದ ಹಗ್ಗ ಮಾತ್ರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರಬೇಕು. ದೋಣಿ ನಡೆಸುವವರು ಚಿತ್ರದಲ್ಲಿ ಮೊದಲು ನೋಡುವುದೇ ಅದನ್ನು!

ಫೋಟೊ ನೋಡಿ ಬರೆಯುವವರಿಗೊಂದು ಮಾತು. ಫೋನನ್ನು ದೋಣಿಯ ಹತ್ತಿರ ಹಿಡಿದರೆ ಮೂತಿ ಉದ್ದವಾಗಿ ಅಂಚಿನ ಗೆರೆ ಕೆಡುತ್ತದೆ. ದೂರ ನಿಂತು ಜೂಮ್ ಮಾಡಿ.