ಕಾಲು ಸೆಟೆದುಕೊಂಡಾಗ ನಾನು ಮೊದಲು ಕಾಲಿನ ಉಗುರು ನೋಡುತ್ತೇನೆ

ಗುಬ್ಬಿ ತಾಲ್ಲೂಕಿನ ಆ ಮನೆಗೆ ನಾನು ಫಿಸಿಯೋಥೆರಪಿ ಕೊಡಲು ಹೋಗತೊಡಗಿ ಮೂರು ವಾರವಾಗಿತ್ತು. ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದ 34 ವರ್ಷದ ಆ ಕಾಯಿ ಕೀಳುವವರಿಗೆ ಎದೆಭಾಗದ ಹತ್ತನೆಯ ಕಶೇರುವಿನ (ಬೆನ್ನೆಲುಬಿನ ಮಣಿಯ) ಮಟ್ಟದಿಂದ ಕೆಳಗೆ ಚಲನೆಯೂ ಇರಲಿಲ್ಲ, ಸ್ಪರ್ಶವೂ ಇರಲಿಲ್ಲ. ಅಂದು ಜಗುಲಿಯಲ್ಲೇ ಎದುರಾದ ಅವರ ತಾಯಿ, "ಕಾಲಿಗೆ ಜೀವ ಬಂತು ಮೇಡಂ, ರಾತ್ರಿ ತಾನಾಗೇ ಒದ್ದ" ಎಂದು ಕಣ್ಣೊರೆಸಿಕೊಂಡರು. ಚನ್ನಬಸವೇಶ್ವರ ಸ್ವಾಮಿಗೆ ಹರಕೆಯನ್ನೂ ಹೊತ್ತಾಗಿತ್ತು.

ಈ ಮಾತನ್ನು ಎದುರಿಸುವುದು ನಮ್ಮ ವೃತ್ತಿಯಲ್ಲಿ ಯಾವ ವ್ಯಾಯಾಮಕ್ಕಿಂತಲೂ ಕಷ್ಟ. ಪೆಟ್ಟಾದ ಮೊದಲ ವಾರಗಳಲ್ಲಿ ಬೆನ್ನುಹುರಿ ಆಘಾತದ ಸ್ಥಿತಿಯಲ್ಲಿರುವುದರಿಂದ ಕಾಲುಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದಿರುತ್ತವೆ; ಅದು ಕಳೆದ ಮೇಲೆ ಪೆಟ್ಟಿನ ಕೆಳಗಿನ ಹುರಿ ತನ್ನಷ್ಟಕ್ಕೆ ಎಚ್ಚರಗೊಂಡು, ಸ್ನಾಯು ಸ್ವಲ್ಪ ಎಳೆದರೂ ಮುಟ್ಟಿದರೂ ಬಿಗಿಯುವಂತೆ ಮಾಡುತ್ತದೆ, ಆದರೆ ಅದನ್ನು ಹದದಲ್ಲಿಡಬೇಕಾದ ಮೆದುಳಿನ ಅಪ್ಪಣೆ ಅಲ್ಲಿಗೆ ತಲುಪುವುದಿಲ್ಲ. ಎತ್ತಿಗೆ ಕಸುವು ಬಂದಿದೆ, ಮೂಗುದಾರ ಮಾತ್ರ ನಮ್ಮ ಕೈಯಲ್ಲಿಲ್ಲ ಎಂದು ಅವರಿಗೆ ಹೇಳಿದೆ. ಹೆಬ್ಬೆರಳನ್ನು ಮೇಲೆತ್ತಲು ಮಗನಿಗೆ ಹೇಳಿ, ಅದು ಕದಲದ್ದನ್ನು ಎಲ್ಲರೂ ನೋಡಿದೆವು. ಹರಕೆಯ ಮಾತನ್ನು ನಾನು ಎತ್ತಲಿಲ್ಲ.

ಬಿಗಿತವನ್ನು ಅಳೆಯುವುದನ್ನು ಕಲಿತಾಗ ನಾನು ಮಾಡುತ್ತಿದ್ದ ತಪ್ಪನ್ನು ಇಲ್ಲಿ ಹೇಳಿಬಿಡುತ್ತೇನೆ: ಬಿಗಿದ ಮಂಡಿಯನ್ನು ಬಲ ಹಾಕಿ ಬೇಗನೆ ಮಡಚುತ್ತಿದ್ದೆ. ಇದು ವೇಗಕ್ಕೆ ಕೆರಳುವ ಬಿಗಿತ; ಎಷ್ಟು ಬೇಗ ಎಳೆಯುತ್ತೇವೋ ಅಷ್ಟು ಜೋರಾಗಿ ಸ್ನಾಯು ತಿರುಗಿ ಎಳೆಯುತ್ತದೆ. ತಿಂಗಳುಗಟ್ಟಲೆ ಭಾರ ಹೊರದೆ ಮೂಳೆ ಟೊಳ್ಳಾಗಿರುವ ಕಾಲಿನಲ್ಲಿ ಹಾಗೆ ಜಗ್ಗಿದರೆ ಮುರಿಯುವ ಅಪಾಯವೂ ಇದೆ. ಈಗ ಮೊದಲು ನಿಧಾನವಾಗಿ ಪೂರ್ತಿ ಚಾಚಿ ಕೀಲು ಎಲ್ಲಿಯವರೆಗೆ ಹೋಗುತ್ತದೆಂದು ನೋಡುತ್ತೇನೆ, ಆಮೇಲೆ ಒಮ್ಮೆ ಮಾತ್ರ ವೇಗವಾಗಿ ಚಾಚಿ ಎಲ್ಲಿ ತಡೆಯುತ್ತದೆಂದು ಗುರುತಿಸಿಕೊಂಡು, ಮಾರ್ಪಡಿಸಿದ ಆಶ್‌ವರ್ತ್ ಅಳತೆಯಲ್ಲಿ ಸೊನ್ನೆಯಿಂದ 4ರೊಳಗೆ ಒಂದು ಅಂಕ ಬರೆಯುತ್ತೇನೆ; ಅಂಕ ಹೆಚ್ಚಿದಷ್ಟೂ ಬಿಗಿತ ಹೆಚ್ಚು. ಇವರ ಮೀನಖಂಡ ಎರಡೂ ಕಡೆ 2, ಎಡ ತೊಡೆಯ ಒಳಸ್ನಾಯು 3 ಇತ್ತು. ಆದರೆ ಆ ಅಂಕಕ್ಕಿಂತ ನನಗೆ ಉಪಯೋಗವಾದದ್ದು ಅವರ ಹೆಂಡತಿ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ರಾತ್ರಿ ಕಾಲು ಎಷ್ಟು ಸಲ ಎಗರಿತೆಂದು ಎಳೆಯುತ್ತಿದ್ದ ಗೀಟುಗಳು.

ಬೆಳಿಗ್ಗೆ ಇಪ್ಪತ್ತು ನಿಮಿಷ ಬೋರಲು ಮಲಗಿಸುವುದು, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಪಾದವನ್ನು ನಿಧಾನವಾಗಿ ಮೇಲಕ್ಕೆ ಒತ್ತಿ ಅದುರು ನಿಲ್ಲುವವರೆಗೆ ಹಿಡಿದಿರುವುದು, ಇವೆಲ್ಲವನ್ನು ಮನೆಯವರು ವಾರದಲ್ಲಿ ಕಲಿತರು. ಕೈಯಿಂದ ಚಾಚಿದ ಫಲ ಹೆಚ್ಚು ಹೊತ್ತು ಉಳಿಯುವುದಿಲ್ಲ ಎಂಬುದು ನನ್ನ ಅನುಭವ. ರೋಗಿಯನ್ನು ನೆಟ್ಟಗೆ ನಿಲ್ಲಿಸಿದ ಫಲ ಅದಕ್ಕಿಂತ ಮೇಲು. ಆದ್ದರಿಂದ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಪೈಪಿನ ಚೌಕಟ್ಟು ಮಾಡಿಸಿ, ಮಂಡಿಗೆ ಮೆತ್ತೆ, ಸೊಂಟಕ್ಕೆ ಅಗಲವಾದ ಪಟ್ಟಿ ಹಾಕಿ, ರಕ್ತದೊತ್ತಡ ನೋಡಿಕೊಳ್ಳುತ್ತ ಐದು ನಿಮಿಷದಿಂದ ಶುರುಮಾಡಿ ಮೂವತ್ತು ನಿಮಿಷದವರೆಗೆ ಅವರನ್ನು ನಿಲ್ಲಿಸಿದೆವು. ನಿಂತ ದಿನ ರಾತ್ರಿಯ ಗೀಟುಗಳು ಕಡಿಮೆಯಾಗುತ್ತಿದ್ದವು. ತಾಯಿಯ ಬಿಸಿ ಹರಳೆಣ್ಣೆ ನೀವುವಿಕೆಯನ್ನು ಮಾತ್ರ ತಣ್ಣನೆಯ ಎಣ್ಣೆಗೆ ಇಳಿಸಬೇಕಾಯಿತು, ಏಕೆಂದರೆ ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ಕೂಗುವುದಿಲ್ಲ.

ಮಾತ್ರೆ ವೈದ್ಯರ ಕೆಲಸ. ಅವರು ಬಿಗಿತ ಸಡಿಲಿಸುವ ಬ್ಯಾಕ್ಲೋಫೆನ್ ಅನ್ನು 5 ಮಿಲಿಗ್ರಾಂನಂತೆ ದಿನಕ್ಕೆ ಮೂರು ಹೊತ್ತು ಆರಂಭಿಸಿ ಕೆಲವು ದಿನಗಳಿಗೊಮ್ಮೆ ಏರಿಸುತ್ತ ಬಂದರು. ದಿನಕ್ಕೆ 60 ಮಿಲಿಗ್ರಾಂ ತಲುಪಿದಾಗ ಕಾಲು ಬಹಳ ಸಡಿಲವಾಯಿತು. ಎಲ್ಲರೂ ಸಂತೋಷಪಟ್ಟರು, ರೋಗಿಯೊಬ್ಬರನ್ನು ಬಿಟ್ಟು. ಮಂಚದಿಂದ ಗಾಲಿಕುರ್ಚಿಗೆ ಜರುಗುವಾಗ ಸೆಟೆದ ಮಂಡಿಯೇ ಅವರಿಗೆ ಅಷ್ಟಿಷ್ಟು ಊರುಗೋಲಾಗಿತ್ತು, ಈಗ ಕಾಲು ಮಡಚಿಕೊಂಡು ಬೀಳುತ್ತಿದ್ದರು. ಹಗಲೆಲ್ಲ ತೂಕಡಿಕೆ ಬೇರೆ. ಬೇಸತ್ತು ಮಾತ್ರೆಯನ್ನು ಒಂದೇ ಸಲಕ್ಕೆ ನಿಲ್ಲಿಸುವುದಾಗಿ ಅವರು ಹೇಳಿದಾಗ ನಾನು ಗಾಬರಿಯಾಗಿ ತಡೆದೆ: ಈ ಔಷಧಿಯನ್ನು ಹಠಾತ್ತನೆ ಬಿಟ್ಟರೆ ಬಿಗಿತ ದುಪ್ಪಟ್ಟಾಗಿ ಮರಳುವುದಲ್ಲದೆ ಜ್ವರ, ಭ್ರಮೆ, ಫಿಟ್ಸ್ ಬರಬಹುದು. ಗೀಟಿನ ಪುಸ್ತಕವನ್ನು ನೋಡಿದ ವೈದ್ಯರು ಎರಡು ವಾರದಲ್ಲಿ ಮೆಲ್ಲಗೆ 40ಕ್ಕೆ ಇಳಿಸಿದರು. ಬಿಗಿತವನ್ನು ಎಷ್ಟು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ನಾನು ಆ ದಿನದವರೆಗೆ ಯಾವ ರೋಗಿಯನ್ನೂ ಕೇಳಿರಲಿಲ್ಲ.

ನಾಲ್ಕು ತಿಂಗಳು ಹೀಗೆ ನಡೆದ ಮೇಲೆ ಒಂದು ವಾರ ಎಲ್ಲವೂ ತಲೆಕೆಳಗಾಯಿತು. ರಾತ್ರಿಗೆ ಮೂರೋ ನಾಲ್ಕೋ ಇದ್ದ ಗೀಟು ಇಪ್ಪತ್ತು ದಾಟಿತು, ಎಡಗಾಲು ಚೌಕಟ್ಟಿನಲ್ಲಿ ನಿಲ್ಲದೆ ಒದೆಯಿತು. ಮಾತ್ರೆ ಹೆಚ್ಚಿಸಿಕೊಡಿ ಎಂದು ಮನೆಯವರು ಕೇಳಿದರು. ನಾನೂ ಅದನ್ನೇ ಹೇಳುವುದರಲ್ಲಿದ್ದೆ. ಆದರೆ ಇದ್ದಕ್ಕಿದ್ದಂತೆ ಏರಿದ ಬಿಗಿತ ಸ್ನಾಯುವಿನ ದೂರಲ್ಲ, ನೋವು ತಿಳಿಯದ ದೇಹ ಬೇರೆ ದಾರಿಯಲ್ಲಿ ಕೊಡುವ ದೂರು. ಮೂತ್ರ ಕಲಕಿದೆಯೇ, ವಾಸನೆಯಿದೆಯೇ, ನಳಿಕೆ ಹಾಕಿ ತೆಗೆಯುವ ಹೊತ್ತು ತಪ್ಪಿದೆಯೇ ಎಂದು ಕೇಳಿದೆ, ಸರಿಯಿತ್ತು. ಮಲಬದ್ಧತೆ ಇರಲಿಲ್ಲ. ಹೊರಳಿಸಿ ಸೊಂಟದ ಹಿಂಭಾಗ, ಕುಂಡಿಯ ಮೂಳೆ, ಹಿಮ್ಮಡಿಗಳಲ್ಲಿ ಹುಣ್ಣಿಗಾಗಿ ಹುಡುಕಿದೆ; ಚರ್ಮ ಚೆನ್ನಾಗಿತ್ತು. ಹೊರಡುವ ಹೊತ್ತಿಗೆ, ಪಾದ ತಣ್ಣಗಿರುತ್ತದೆಂದು ಹಾಕಿದ್ದ ಕಾಲುಚೀಲವನ್ನು ತೆಗೆಯಲು ಹೇಳಿದೆ. ಎಡ ಹೆಬ್ಬೆರಳಿನ ಉಗುರು ಮೂಲೆಯಲ್ಲಿ ಮಾಂಸದೊಳಗೆ ಬೆಳೆದು, ಸುತ್ತಲೂ ಊದಿ ಕೀವು ಕಟ್ಟಿತ್ತು. ನಮ್ಮ ಕಡೆ ಉಗುರುಸುತ್ತು ಎಂದರೆ ರಾತ್ರಿ ನಿದ್ದೆ ಬಾರದ ನೋವು. ಅವರಿಗೆ ಒಂದಿಷ್ಟೂ ಗೊತ್ತಾಗಿರಲಿಲ್ಲ. ಪೆಟ್ಟು ಆರನೆಯ ಎದೆ ಕಶೇರುವಿನ ಮಟ್ಟದಲ್ಲೋ ಅದಕ್ಕಿಂತ ಮೇಲೋ ಆಗಿದ್ದರೆ ಇದೇ ಉಗುರು ರಕ್ತದೊತ್ತಡವನ್ನು ಪ್ರಾಣಾಪಾಯದ ಮಟ್ಟಕ್ಕೆ ಏರಿಸಬಹುದಿತ್ತು.

ಮರುದಿನ ಆಸ್ಪತ್ರೆಯಲ್ಲಿ ಕೀವು ತೆಗೆದು ಉಗುರಿನ ಅಂಚು ಕತ್ತರಿಸಿದರು. ಆರನೆಯ ರಾತ್ರಿಗೆ ಗೀಟುಗಳು ಐದಕ್ಕೆ ಬಂದವು, ಮಾತ್ರೆ 40ರಲ್ಲೇ ಉಳಿಯಿತು. ಅಂದಿನಿಂದ ಉಗುರನ್ನು ನೇರವಾಗಿ ಕತ್ತರಿಸುವುದು, ದಿನಕ್ಕೊಮ್ಮೆ ಕಾಲುಚೀಲ ಬಿಚ್ಚಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು ಅವರದೇ ಕೆಲಸವಾಗಿದೆ.

ಎಡ ತೊಡೆಯ ಒಳಸ್ನಾಯು ಮಾತ್ರ ಈಗಲೂ ಬಗ್ಗಿಲ್ಲ. ಸ್ನಾನ ಮಾಡಿಸುವಾಗ ತೊಡೆ ಕತ್ತರಿಯಂತೆ ಕೂಡಿಕೊಳ್ಳುತ್ತದೆ. ಅಲ್ಲಿಗೆ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದು ಕೊಡಿಸಬಹುದೆಂದು ವೈದ್ಯರು ಹೇಳಿದ್ದಾರೆ. ಅದರ ಫಲ ಸುಮಾರು ಮೂರು ತಿಂಗಳು, ಖರ್ಚು ಪ್ರತಿ ಸಲವೂ ಹೊಸದು, ಆದ್ದರಿಂದ ಕೊಬ್ಬರಿ ಮಾರಿದ ಮೇಲೆ ನೋಡೋಣ ಎಂದು ಮನೆಯವರು ಮುಂದೂಡಿದ್ದಾರೆ. ಅಲ್ಲಿಯವರೆಗೆ ಮಂಡಿಗಳ ನಡುವೆ ಒಂದು ದಪ್ಪ ದಿಂಬು ಇಟ್ಟಿದ್ದೇವೆ.